ಗುಡ್ಡವ್ವನ ಬೋರು, ಮೂರು ಬಾಟಲಿ ನೀರು

ನಮ್ಮ ಓಣಿಯ ಬೋರ್‌ವೆಲ್ಲಿಗೆ ಪಂಚಾಯತಿ ದಾಖಲೆಯಲ್ಲಿ ಒಂದು ನಂಬರು ಇದೆ. ಊರಲ್ಲಿ ಮಾತ್ರ ಎಲ್ಲರೂ ಅದನ್ನು ‘ಗುಡ್ಡವ್ವನ ಬೋರು’ ಎಂದೇ ಕರೆಯುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಗುಡ್ಡವ್ವಾಯಿ ಓಣಿಯ ಹನ್ನೊಂದು ಹೆಂಗಸರನ್ನು ಕರೆದುಕೊಂಡು ಗೋಕಾಕಕ್ಕೆ ಹೋಗಿ, ತಾಲೂಕು ಕಚೇರಿಯ ಮುಂದೆ ಖಾಲಿ ಕೊಡ ಇಟ್ಟು ನಾಲ್ಕು ದಿನ ಕೂತಿದ್ದಳು. ಮುಂದಿನ ವಾರ ಬೋರು ಕೊರೆಯುವ ಲಾರಿ ಬಂತು. ನಾನೂರ ಎಂಬತ್ತು ಅಡಿಗೆ ನೀರು ಚಿಮ್ಮಿದಾಗ ಆಯಿ ಆ ಕೆಸರಲ್ಲೇ ನಿಂತು ಅತ್ತಳು. ನಾನಾಗ ಎಂಟನೆಯ ತರಗತಿಯಲ್ಲಿದ್ದೆ. ಸಾಲೆ ಬಿಟ್ಟು ಓಡಿಬಂದು ನೋಡಿದ್ದೆ.

ಅದಕ್ಕೂ ಮೊದಲು ನಮಗೆ ನೀರು ಅಂದರೆ ಊರ ದೊಡ್ಡ ಜಮೀನುದಾರ ಆಬಾಸಾಹೇಬರ ಹೊಲದ ತೆರೆದ ಬಾವಿ. ಬಾವಿಯ ಕಟ್ಟೆ ಹತ್ತಲು ನಮ್ಮ ಓಣಿಯವರನ್ನು ಬಿಡುತ್ತಿರಲಿಲ್ಲ. ಕೊಡ ಕೆಳಗಿಟ್ಟು ನಿಲ್ಲಬೇಕು, ಯಾರಾದರೂ ಬಂದು ಸೇದಿ ಹುಯ್ಯಬೇಕು. ಯಾರೂ ಬಾರದಿದ್ದರೆ ಬಿಸಿಲಲ್ಲಿ ನಿಂತೇ ಇರಬೇಕು. ಗುಡ್ಡವ್ವಾಯಿ ತುಂಬಿದ ಬಸುರಿಯಾಗಿದ್ದಾಗಲೂ ಹಾಗೆ ನಿಂತವಳು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹೋದ ವರ್ಷ ಬೇಸಿಗೆಯ ಮೊದಲಲ್ಲಿ ಅದೇ ಬೋರಿನ ನೀರು ಕುಡಿಯಬೇಡಿ ಎಂದು ಅದೇ ಗುಡ್ಡವ್ವಾಯಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ನನ್ನ ಹೆಸರು ಸುಜಾತಾ. ಕಲ್ಲಗುಡಿಹಾಳದ ಆಶಾ ಕಾರ್ಯಕರ್ತೆ. ಹುಟ್ಟಿದ್ದೂ ಇದೇ ಓಣಿಯಲ್ಲಿ. ಸೋದರಮಾವನ ಮನೆಗೇ ಕೊಟ್ಟಿದ್ದರಿಂದ ಊರು ಬಿಡಲಿಲ್ಲ.

ಬೋರಿನ ನೀರು ಪರೀಕ್ಷಿಸಿದ ಪ್ರಯೋಗಾಲಯದಿಂದ ಬಂದ ವರದಿಯನ್ನು ಪಂಚಾಯತಿಯಲ್ಲಿ ನನ್ನ ಕೈಗೆ ಕೊಟ್ಟರು. ನಾನು ನೇರವಾಗಿ ಆಯಿಯ ಮನೆಗೆ ನಡೆದೆ. ಆಯಿ ಹೊರಗೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮಗ ಲಖನ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದ. ಸೊಸೆ ಆಮ್ರಪಾಲಿ ಏಳು ತಿಂಗಳ ಕೂಸು ಮಯೂರಿಗೆ ಗಂಜಿ ತಿನ್ನಿಸುತ್ತಿದ್ದಳು.

“ಆಯಿ, ನಮ್ಮ ಬೋರಿನ ನೀರಾಗ ಯುರೇನಿಯಂ ಐತಂತ. ಇನ್ನ ಮ್ಯಾಲೆ ಕುಡ್ಯಾಕ ಬ್ಯಾಡಂತ,” ಎಂದೆ.

“ಏನ ಐತಿ?”

“ಯುರೇನಿಯಂ.”

ಲಖನ ಚಹಾದ ಕಪ್ಪು ಕೆಳಗಿಟ್ಟ. “ಬಾಂಬಿಗೆ ಹಾಕ್ತಾರಲ್ಲ, ಅದ ಏನು?”

ಆಮ್ರಪಾಲಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಆಯಿ ಮಾತ್ರ ನಕ್ಕುಬಿಟ್ಟಳು.

“ಹತ್ತೊಂಬತ್ತ ವರ್ಷಾತು ಈ ನೀರ ಕುಡದು. ನನ್ನ ಹಲ್ಲ ನೋಡ, ಒಂದರ ಬಿದ್ದೈತೇನು? ಈ ನೀರಿಗೆ ವಾಸನಿ ಐತೇನು?”

“ಇಲ್ಲ.”

“ಬಣ್ಣಾ? ಸವಳಾ?”

“ಇಲ್ಲ ಆಯಿ.”

“ಮತ್ತ?” ಅವಳ ನಗು ಹೋಗಿತ್ತು. “ನನಗೇನ ತಿಳ್ಯಾಂಗಿಲ್ಲ ಅನ್ಕೋಬ್ಯಾಡ ಸುಜಾತಾ. ಮದಲ ಬೋರ್ ಬಂದ್ ಮಾಡ್ತಾರ. ಆಮ್ಯಾಲ ನೀರ ಬೇಕಂದ್ರ ಆಬಾಸಾಹೇಬ್ರ ಬಾವಿಗಿ ಹೋಗ್ರಿ ಅಂತಾರ. ಮತ್ತ ನಾವು ಕೊಡಾ ಇಟ್ಟು ನಿಲ್ಲೂದು. ಈ ಕಾಗದಾ ಯಾರ ಬರಸ್ಯಾರ ಕೇಳ್ಕೊಂಡ ಬಾ, ಹೋಗ.”

ನಾನು ವರದಿ ಮಡಚಿಕೊಂಡು ಹಿಂದಿರುಗಿದೆ. ಅವಳ ಅನುಮಾನಕ್ಕೆ ಅರ್ಥವಿತ್ತು.

ಆದರೆ ನನ್ನ ತಪ್ಪೂ ದೊಡ್ಡದಿತ್ತು. ಅರ್ಧ ಮಾತು ಹೇಳಿ ಬಂದಿದ್ದೆ. ಆ ಅರ್ಧ ಮಾತು ಸಂಜೆಯೊಳಗೆ ಊರೆಲ್ಲ ತಿರುಗಿತು. ಎಲ್ಲರಿಗೂ ಕ್ಯಾನ್ಸರ್ ಆಗುತ್ತದೆ ಎಂದರು ಕೆಲವರು. ಬೋರು ಸಿಡಿಯುತ್ತದೆ ಎಂದವರೂ ಇದ್ದರು. ತವರಿಗೆ ಬಂದಿದ್ದ ಕೊಣ್ಣೂರದ ಒಬ್ಬಳು ಮಕ್ಕಳನ್ನು ಕಟ್ಟಿಕೊಂಡು ಸಿಕ್ಕ ಬಸ್ಸು ಹತ್ತಿದಳು. ಮರುದಿನ ಬೆಳಿಗ್ಗೆ ಆಮ್ರಪಾಲಿ ಅಳುತ್ತಾ ನಮ್ಮ ಬಾಗಿಲಿಗೆ ಬಂದಳು. ಅವಳ ಹೆಗಲ ಮೇಲೆ ಮಯೂರಿ ಹಸಿದು ಚೀರುತ್ತಿತ್ತು.

“ಅಕ್ಕಾ, ನಿನ್ನೆಯಿಂದ ಕೂಸಿಗೆ ಮೊಲಿ ಕೊಟ್ಟಿಲ್ಲ. ನಾನೂ ಅದ ನೀರ ಕುಡದೇನಲ್ಲ. ನನ್ನ ಹಾಲಾಗೂ ವಿಷಾ ಬಂದಿರತೈತಿ. ಹುಕ್ಕೇರಿಗೆ ನಮ್ಮವ್ವನ ಕಡೆ ಹೊಂಟೇನಿ.”

ವರದಿಯ ಕೆಳಗೆ ಪ್ರಯೋಗಾಲಯದ ಸುಶಾಂತ ಎಂಬುವವರ ನಂಬರು ಇತ್ತು. ಅಲ್ಲೇ ನಿಂತು ಫೋನ್ ಮಾಡಿದೆ. ಅವರು ಮೊದಲು ಹೇಳಿದ ಮಾತು ಇದು: “ಆ ತಂಗಿಗೆ ಫೋನ್ ಕೊಡ್ರಿ. ತಂಗೀ, ಮದಲ ಕೂಸಿಗೆ ಹಾಲ ಕೊಡವ್ವಾ. ಎದಿಹಾಲಿಗೆ ಏನೂ ಆಗಿಲ್ಲ. ಹಾಲ ಬಿಡಿಸಿ ಅದ ನೀರಾಗ ಗಂಜಿ ಮಾಡಿ ಕೊಟ್ರ ಕೂಸಿಗೆ ತ್ರಾಸ. ನಾ ಒಂದ ತಾಸಿನ್ಯಾಗ ಬರ್ತೇನಿ.”

ಆಮ್ರಪಾಲಿ ನಮ್ಮ ಪಡಸಾಲೆಯಲ್ಲೇ ಕೂತು ಸೆರಗು ಮರೆ ಮಾಡಿಕೊಂಡಳು. ಕೂಸು ಸುಮ್ಮನಾಯಿತು.

ಸುಶಾಂತ ಮೂಡಲಗಿಯವರು. ಮೋಟರ್ ಸೈಕಲ್ಲಿನ ಮೇಲೆ ಬಂದರು. ಇನ್ನೂ ಮೂವತ್ತು ದಾಟದ ಹುಡುಗ. ನಾನು ಅವರನ್ನು ನೇರವಾಗಿ ಗುಡ್ಡವ್ವಾಯಿಯ ಕಟ್ಟೆಗೆ ಕರೆದೊಯ್ದೆ. ಓಣಿಯ ಜನ ಸುತ್ತ ನಿಂತರು.

ಆಯಿ ಒಳಗೆ ಹೋದಳು. ಬೋರಿನ ನೀರು ತುಂಬಿದ ಚೊಂಬು ತಂದು ಅವರ ಮುಂದೆ ಇಟ್ಟಳು.

“ಬಿಸಲಾಗ ಬಂದೀರಿ. ಕುಡೀರಿ ಸಾಹೇಬ್ರ.”

ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ಕುಡಿಯದಿದ್ದರೆ ನಮ್ಮ ಮನೆಯ ನೀರು ಮುಟ್ಟಲಿಲ್ಲ ಎಂದಾಗುತ್ತದೆ. ಕುಡಿದರೆ ವರದಿ ಸುಳ್ಳು ಎಂದಾಗುತ್ತದೆ.

ಸುಶಾಂತ ಚೊಂಬು ಎತ್ತಿ ಗಟಗಟ ಕುಡಿದು ಮುಗಿಸಿದರು. ಬಾಯಿ ಒರೆಸಿಕೊಂಡು, “ಚಲೋ ತಂಪ ಐತಿ ಆಯಿ,” ಎಂದರು.

“ನೋಡ್ರ್ಯಾ!” ಎಂದು ಆಯಿ ನಮ್ಮ ಕಡೆ ತಿರುಗಿದಳು. “ಹಂಗಾರ ವಿಷಾ ಎಲ್ಲೈತಿ?”

“ಒಂದ ಚೊಂಬು ಕುಡದ್ರ ಏನೂ ಆಗಂಗಿಲ್ಲ ಆಯಿ. ಅದಕ್ಕ ಕುಡದೆ. ಇದು ಇವತ್ತ ಕುಡದು ನಾಳೆ ಬೀಳೂ ವಿಷಾ ಅಲ್ಲ. ದಿನಾ ಕುಡಕೋತ, ವರ್ಷಾನಗಟ್ಟಲೆ ಕುಡಕೋತ ಹೋದ್ರ ಕಿಡ್ನಿಗಿ ತ್ರಾಸ ಕೊಡತೈತಿ. ಅದೂ ಒಮ್ಮೆಲೆ ಗೊತ್ತಾಗಂಗಿಲ್ಲ. ಹಲ್ಲ ಗಟ್ಟಿ ಇರತಾವ, ಕಾಲ ಗಟ್ಟಿ ಇರತಾವ, ಒಳಗ ಕಿಡ್ನಿ ಮಾತ್ರ ಸೋಲಾಕತ್ತಿರತೈತಿ.”

ಆಯಿ ಕಟ್ಟೆಯ ಮೇಲೆ ಕೂತಳು. “ಇದನ್ನ ಯಾರ ಹಾಕಿದ್ರು ನಮ್ಮ ನೀರಾಗ?”

“ಯಾರೂ ಹಾಕಿಲ್ಲ. ಆಳದಾಗಿನ ಕಲ್ಲಿನ್ಯಾಗಽ ಅದು ಇರತೈತಿ. ಎಲ್ಲಾ ಊರಾಗೂ ಒಂದಽ ಸಮ ಇರಂಗಿಲ್ಲ. ಕೆಲವ ಕಡೆ ಹೆಚ್ಚ, ಕೆಲವ ಕಡೆ ಇಲ್ಲವೇ ಇಲ್ಲ ಅನ್ನೂವಷ್ಟ ಕಡಿಮಿ. ಆಳದ ನೀರು ಆ ಕಲ್ಲ ಸಂದ್ಯಾಗ ಭಾಳ ವರ್ಷ ನಿಂತಿರತೈತಿ. ಹಂಗ ನಿಂತ ನಿಂತ ಅದು ನೀರಾಗ ಕರಗತೈತಿ. ಹೆಸರ ಒಂದ ಆದ್ರೂ ಇದು ಬಾಂಬ್ ಆಗೂವಂಥಾದ್ದಲ್ಲ, ಬೋರ್ ಸಿಡ್ಯಾಂಗಿಲ್ಲ. ಒಂದ ಲೀಟರ ನೀರಾಗ ಮೂವತ್ತ ಮೈಕ್ರೋಗ್ರಾಂ ತನಕ ಇದ್ರ ನಡೀತೈತಿ. ನಿಮ್ಮ ಬೋರಿನ್ಯಾಗ ತೊಂಬತ್ನಾಲ್ಕ ಬಂದೈತಿ.”

“ಕುದಿಸಿ ಕುಡೀತೇವಿ ಬಿಡ್ರಿ,” ಎಂದ ಲಖನ.

“ಅದು ಕುದಿಸಿದ್ರ ಹೋಗೂದಲ್ಲ ಅಣ್ಣಾ. ನೀರ ಆವಿ ಆಗಿ ಕಡಿಮಿ ಆಗತೈತಿ, ಅದು ಪಾತೇಲ್ಯಾಗಽ ಉಳೀತೈತಿ. ಇನ್ನೂ ದಟ್ಟ ಆಗತೈತಿ. ಕುಡ್ಯಾಕ, ಅಡಗಿಗೆ ಬ್ಯಾಡ ಅಷ್ಟ. ಜಳಕಾ ಮಾಡ್ರಿ, ಅರಬಿ ಒಗೀರಿ, ಏನೂ ಆಗಂಗಿಲ್ಲ. ಬೋರ್ ಬಂದ್ ಮಾಡೂ ಕೆಲಸಾನೂ ಇಲ್ಲ.”

ಕೊನೆಯ ಮಾತು ಕೇಳಿ ಆಯಿಯ ಮುಖ ಸ್ವಲ್ಪ ಸಡಿಲಾಯಿತು. ಆದರೂ ಅವಳು ಸುಲಭಕ್ಕೆ ಬಿಡುವವಳಲ್ಲ.

“ಆಬಾಸಾಹೇಬ್ರ ಮನೀ ಹಿಂದ ಏಳನೂರ ಅಡಿ ಬೋರ್ ಹಾಕ್ಯಾರ. ಅದರಾಗ ಇಲ್ಲೇನು? ಅವರ ಕಲ್ಲ ಬ್ಯಾರೆ, ನಮ್ಮ ಕಲ್ಲ ಬ್ಯಾರೆ?”

“ನೋಡಿಲ್ಲ ಆಯಿ.”

“ಹಂಗಾರ ನೋಡ್ರಿ. ಅವರ ಬೋರಿಂದು ತಗೋರಿ, ಆ ಹಳೀ ಬಾವೀದೂ ತಗೋರಿ, ನಮ್ಮದೂ ಇನ್ನೊಮ್ಮೆ ತಗೋರಿ. ನನ್ನ ಕಣ್ಣ ಮುಂದ ಬಾಟ್ಲಿ ತುಂಬ್ರಿ. ಆಗ ಬಂದು ಹೇಳ್ರಿ, ಕೇಳ್ತೇನಿ.”

ನನಗೆ ಗಾಬರಿಯಾಯಿತು. ಸುಶಾಂತ ಮಾತ್ರ ಖುಷಿಯಿಂದ ಎದ್ದರು. “ಇದು ಕೇಳೂ ಮಾತು. ನಡೀರಿ.”

ಹೀಗೆ ಮೂವರೂ ಹೊರಟೆವು. ಆಬಾಸಾಹೇಬರ ಹೆಂಡತಿ ಜಿನ್ನವ್ವ ಅಂಗಳದಲ್ಲಿದ್ದರು. ವಿಷಯ ಕೇಳಿ ಅವರಿಗೆ ಸಿಟ್ಟು ಬಂತು.

“ನಮ್ಮ ನೀರಿಗೆ ಏನ ಧಾಡಿ? ನಾವು ಅರಬಿಲೆ ಸೋಸದಽ ಒಂದ ಹನಿ ಕುಡ್ಯಾಂಗಿಲ್ಲ. ಏಳೂ ದಿನ ಸೋಸೇ ಕುಡಿಯೂ ಮಂದಿ ನಾವು.”

“ಸೋಸೂದು ಚಲೋ ರೂಢಿ ಕಾಕೂ,” ಎಂದರು ಸುಶಾಂತ. “ಹುಳಾ, ಕಸಾ ನಿಲ್ತಾವ. ಇದು ಸಕ್ರಿ ಕರಗಿದಂಗ ನೀರಾಗ ಕರಗಿರತೈತಿ, ಅರಬ್ಯಾಗಿಂದ ಹಾದ ಬರತೈತಿ. ಒಂದ ಬಾಟ್ಲಿ ಅಷ್ಟ, ನೋಡೂಣು. ಇಲ್ಲಂದ್ರ ಚಲೋನ ಆತಲ್ಲ?”

ಜಿನ್ನವ್ವ ಮುಖ ತಿರುಗಿಸಿಕೊಂಡೇ ನಲ್ಲಿ ಬಿಟ್ಟರು. ಮೊದಲ ಬಾಟಲಿ ತುಂಬಿತು. ಅಲ್ಲಿಂದ ಹೊಲದ ಬಾವಿಗೆ ಹೋದೆವು. ಜಿನ್ನವ್ವ ನಮ್ಮ ಹಿಂದೆಯೇ ಬಂದರು.

ಬಾವಿಯ ಹತ್ತಿರ ಆಯಿಯ ನಡಿಗೆ ನಿಧಾನವಾಯಿತು. ಹತ್ತೊಂಬತ್ತು ವರ್ಷ ಅವಳು ಆ ದಾರಿ ತುಳಿದಿರಲಿಲ್ಲ. ಕಟ್ಟೆಯ ಕೆಳಗೆ, ಹಿಂದೆ ಕೊಡ ಇಡುತ್ತಿದ್ದ ಜಾಗದಲ್ಲಿ, ಒಂದು ಗಳಿಗೆ ನಿಂತಳು. ಆಮೇಲೆ ಸುಶಾಂತರ ಕೈಯಿಂದ ಖಾಲಿ ಬಾಟಲಿ ಇಸಿದುಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಟ್ಟೆ ಹತ್ತಿದಳು. ತಾನೇ ಹಗ್ಗ ಬಿಟ್ಟು, ತಾನೇ ಸೇದಿ, ತಾನೇ ಬಾಟಲಿ ತುಂಬಿದಳು. ಯಾರೂ ಏನೂ ಅನ್ನಲಿಲ್ಲ. ಅನ್ನುವ ಹಕ್ಕು ಹಿಂದೆಯೂ ಯಾರಿಗೂ ಇರಲಿಲ್ಲ.

ವಾಪಸು ಬಂದು ನಮ್ಮ ಬೋರಿನಿಂದ ಇನ್ನೊಂದು ಬಾಟಲಿ ತುಂಬಿಸಿಕೊಂಡು ಸುಶಾಂತ ಹೋದರು. ಈ ಪರೀಕ್ಷೆ ಎಲ್ಲ ಕಡೆ ಆಗುವುದಿಲ್ಲ. ಹಳ್ಳಿಗೆ ಕೊಡುವ, ಬಣ್ಣ ನೋಡಿ ಹೇಳುವ ಕಿಟ್ಟಿನಲ್ಲಿ ಇದು ತಿಳಿಯುವುದಿಲ್ಲ. ದೊಡ್ಡ ಪ್ರಯೋಗಾಲಯಕ್ಕೇ ಹೋಗಬೇಕು. ಉತ್ತರ ಬರಲು ಹದಿನೆಂಟು ದಿನ ಹಿಡಿಯಿತು.

ಆ ಹದಿನೆಂಟು ದಿನ ಲಖನ ಬಾಜೂ ಊರಿನ, ಆರ್.ಓ. ಯಂತ್ರವಿರುವ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತಂದ. ಕೂಸಿನ ಗಂಜಿಗೆ, ಅಡುಗೆಗೆ, ಕುಡಿಯಲು ಅದನ್ನೇ ಬಳಸಿದರು. ಆಯಿ ಮಾತ್ರ ಹಟ ಬಿಡಲಿಲ್ಲ. ತನ್ನ ಚೊಂಬಿಗೆ ಬೋರಿನ ನೀರೇ. ಆದರೆ ನಾನು ಎಲ್ಲರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದಾಗ ಅವಳೂ ಬಂದಳು. ರಕ್ತ ಕೊಟ್ಟಳು, ಮೂತ್ರದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ಕೊಟ್ಟಳು.

ಎರಡು ದಿನ ಬಿಟ್ಟು ಡಾಕ್ಟರಮ್ಮ ಒಬ್ಬೊಬ್ಬರ ಹೆಸರು ಕೂಗಿದರು. ಲಖನನ ಕಿಡ್ನಿ ಸರಿ ಇದೆ. ಆಮ್ರಪಾಲಿಯದು ಸರಿ ಇದೆ. ಮಯೂರಿಯದೂ ಸರಿ ಇದೆ. ಆಮ್ರಪಾಲಿ ಅಲ್ಲೇ ಬೆಂಚಿನ ಮೇಲೆ ಕೂತು ಕೂಸಿನ ನೆತ್ತಿಗೆ ಮುಖ ಒತ್ತಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಮುಖ ಹಗುರಾದದ್ದನ್ನು ನೋಡಿದೆ.

“ಗುಡ್ಡವ್ವ ಅಜ್ಜೀದು ಮೂತ್ರದಾಗ ಸ್ವಲ್ಪ ಪ್ರೋಟೀನ್ ಹೊಂಟೈತಿ,” ಎಂದರು ಡಾಕ್ಟರಮ್ಮ. “ಹೆದರೂವಂಥಾದ್ದಲ್ಲ. ನೀರಿನಿಂದಲೂ ಇರಬಹುದು, ಬಿ.ಪಿ.ಯಿಂದಲೂ ಇರಬಹುದು. ಬಿ.ಪಿ. ಗುಳಿಗಿ ತಗೋತೀರಿಲ್ಲೋ?”

ಆಯಿ ನೆಲ ನೋಡಿದಳು. ಗುಳಿಗೆ ಬಿಟ್ಟು ಆರು ತಿಂಗಳಾಗಿತ್ತು.

“ಗುಳಿಗಿ ಚಾಲೂ ಮಾಡ್ರಿ. ನೀರ ಬದಲಿ ಮಾಡ್ರಿ. ಮೂರ ತಿಂಗಳಿಗೆ ಮತ್ತ ನೋಡೂಣು.”

ಆಯಿ ಮನೆಗೆ ಬಂದವಳೇ ಬೋರಿನ ನೀರಿನ ಚೊಂಬನ್ನು ಗಿಡದ ಬುಡಕ್ಕೆ ಸುರಿದು, ಕ್ಯಾನಿನ ನೀರು ತುಂಬಿಕೊಂಡಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಅದಾದ ಮೇಲೆ ಮೂರು ಬಾಟಲಿಯ ವರದಿ ಬಂತು. ನಮ್ಮ ಬೋರು ತೊಂಬತ್ತೆರಡು. ಆಬಾಸಾಹೇಬರ ಏಳುನೂರು ಅಡಿಯ ಬೋರು ನೂರ ಮೂವತ್ತೊಂದು. ಹಳೆಯ ತೆರೆದ ಬಾವಿ ಬರೀ ಐದು.

ಆ ಸುದ್ದಿ ಮುಟ್ಟಿದ ಅರ್ಧ ತಾಸಿನಲ್ಲಿ ಜಿನ್ನವ್ವ ನಮ್ಮ ಓಣಿಗೆ ಬಂದರು. ನಾನು ಹುಟ್ಟಿದಾಗಿನಿಂದ ಅವರು ನಮ್ಮ ಓಣಿಗೆ ಕಾಲಿಟ್ಟಿದ್ದನ್ನು ನೋಡಿರಲಿಲ್ಲ. ಚಪ್ಪಲಿ ಹಾಕುವುದನ್ನೂ ಮರೆತು ಬಂದಿದ್ದರು.

“ಸುಜಾತಾ, ನಮ್ಮ ಮೊಮ್ಮಗಾ ತೇಜಸ ಹುಟ್ಟಿದಾಗಿಂದ ಅದಽ ನೀರ ಕುಡದಾನ. ಐದ ವರ್ಷದ ಕೂಸು. ಏನ ಮಾಡ್ಲಿ ನಾ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಗುಡ್ಡವ್ವಾಯಿ ಎದ್ದು ಬಂದಳು.

“ಹೆದರಬ್ಯಾಡ್ರಿ, ಬರ್ರಿ, ಕುಂದರ್ರಿ. ಇದು ಒಮ್ಮೆಲೆ ಏನೂ ಮಾಡಂಗಿಲ್ಲ. ಇವತ್ತಿಂದ ಆ ನೀರ ಕುಡಸೂದ ಬಿಡ್ರಿ. ಕುದಿಸಿ ಗಿದಿಸಿ ಕೊಡಬ್ಯಾಡ್ರಿ, ಕುದಿಸಿದ್ರ ಇನ್ನೂ ದಟ್ಟ ಆಗತೈತಿ. ಜಳಕಕ್ಕ ಆಗತೈತಿ. ನಾಳೆ ಹುಡುಗನ್ನ ದವಾಖಾನಿಗೆ ತೋರ್ಸೂಣು, ನಾನೂ ಬರ್ತೇನಿ. ನಮ್ಮ ಮಯೂರಿಗೆ ಏನೂ ಆಗಿಲ್ಲ, ನಿಮ್ಮ ತೇಜಸಗೂ ಆಗಿರಂಗಿಲ್ಲ.”

ಸುಶಾಂತ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ನಾನು ಪಕ್ಕದಲ್ಲಿ ನಿಂತು ಕೇಳಿದೆ. ಜಿನ್ನವ್ವ ಆ ಕಟ್ಟೆಯ ಮೇಲೆ ಕೂತು, ಆಮ್ರಪಾಲಿ ಕೊಟ್ಟ ಕ್ಯಾನಿನ ನೀರು ಕುಡಿದರು. ಆಮೇಲೆ, “ನೀವೂ ಬರ್ತೀರಲ್ಲ ನಾಳೆ?” ಎಂದು ಕೇಳಿದರು. ಅವರ ಬಾಯಲ್ಲಿ ಗುಡ್ಡವ್ವಾಯಿಗೆ ‘ನೀವು’ ಬಂದದ್ದು ಅದೇ ಮೊದಲು.

ಮರುದಿನ ತೇಜಸನ ಪರೀಕ್ಷೆಯೂ ಆಯಿತು. ಅವನದೂ ಎಲ್ಲ ಸರಿ ಇತ್ತು.

ಮುಂದಿನ ವಾರ ಗ್ರಾಮಸಭೆ ಕರೆದರು. ಊರಿಗೆ ಎಳೆಯುತ್ತಿದ್ದ ಘಟಪ್ರಭೆ ಹೊಳೆಯ ನೀರಿನ ಪೈಪು ಮುಟ್ಟಲು ಇನ್ನೂ ಕೆಲವು ತಿಂಗಳು ಬೇಕಿತ್ತು. ಅಲ್ಲಿಯ ತನಕ ಹಳೆಯ ಬಾವಿಯ ನೀರೇ ಗತಿ. ಬಾವಿ ಎಲ್ಲರಿಗೂ ಬಿಡುತ್ತೇವೆ ಎಂದು ಆಬಾಸಾಹೇಬರು ತಾವಾಗಿಯೇ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಗುಡ್ಡವ್ವಾಯಿ ಎದ್ದು ನಿಂತಳು.

“ಬಾವಿ ಕೊಟ್ಟಿದ್ದು ಚಲೋ ಆತು. ಆದ್ರ ನಮ್ಮ ಓಣಿ ಹೆಣ್ಣಮಕ್ಕಳು ಕೊಡಾ ಹೊತ್ಕೊಂಡ ಅಲ್ಲಿಗೆ ಬರಂಗಿಲ್ಲ. ನೀರ ನಮ್ಮ ಓಣಿಗೆ ಬರಬೇಕು. ಪಂಪ್ ಕೂಡಸ್ರಿ, ಔಷಧ ಹಾಕ್ರಿ, ಪೈಪ ಎಳೀರಿ. ಆ ಓಣಿಗೆ ಎಷ್ಟೊತ್ತ ಬಿಡ್ತೀರಿ, ಈ ಓಣಿಗೂ ಅಷ್ಟೊತ್ತ ಬಿಡ್ರಿ.”

ಹೆಂಗಸರ ಸಾಲಿನಿಂದ ಜಿನ್ನವ್ವ, “ಖರೆ ಐತಿ. ಹಂಗಽ ಆಗಲಿ,” ಎಂದರು.

ಹಾಗೆಯೇ ಆಯಿತು. ಬಾವಿಯ ಹೂಳು ತೆಗೆದು, ಮೇಲೆ ಜಾಲರಿ ಹಾಕಿದರು. ತೆರೆದ ಬಾವಿಯಲ್ಲಿ ಯುರೇನಿಯಂ ಕಡಿಮೆ ಇದ್ದರೂ ಬೇರೆ ರೋಗಾಣು ಇರಬಹುದು ಎಂದು ದಿನವೂ ಕ್ಲೋರಿನ್ ಹಾಕುವ ವ್ಯವಸ್ಥೆ ಮಾಡಿದರು. ಐದು ವಾರದಲ್ಲಿ ಎರಡೂ ಓಣಿಯ ಟಾಕಿಗೆ ನೀರು ಬಂತು. ದೀಪಾವಳಿಯ ಹೊತ್ತಿಗೆ ಘಟಪ್ರಭೆಯ ನೀರು ಮನೆಮನೆಯ ನಲ್ಲಿಗೇ ಬಂತು. ಅದನ್ನೂ ಪರೀಕ್ಷೆಗೆ ಕಳಿಸದೆ ಆಯಿ ಯಾರಿಗೂ ಕುಡಿಯಲು ಬಿಡಲಿಲ್ಲ!

ಗುಡ್ಡವ್ವನ ಬೋರು ಈಗಲೂ ನಡೆಯುತ್ತಿದೆ. ಪಕ್ಕದ ಗೋಡೆಯ ಮೇಲೆ ‘ಈ ನೀರು ಕುಡಿಯಲೂ ಅಲ್ಲ, ಅಡುಗೆಗೂ ಅಲ್ಲ. ಸ್ನಾನಕ್ಕೆ, ಬಟ್ಟೆಗೆ ಮಾತ್ರ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದೇವೆ.

ಮೊದಲ ಪರೀಕ್ಷೆಯಾದ ಮೂರು ತಿಂಗಳಿಗೆ ಡಾಕ್ಟರಮ್ಮ ಮತ್ತೆ ಆಯಿಯ ಮೂತ್ರ ಪರೀಕ್ಷೆ ಮಾಡಿದರು. ಈ ಸಲ ಪ್ರೋಟೀನ್ ಇರಲಿಲ್ಲ. ಬಿ.ಪಿ.ಯೂ ಹತೋಟಿಗೆ ಬಂದಿತ್ತು. ಹೊರಗೆ ಬಂದ ಆಯಿ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಉಸ್ಸೆಂದಳು.

“ಅವತ್ತ ನಿನ್ನ ಬೈದು ಕಳಿಸಿದ್ನಲ್ಲ, ಸಿಟ್ಟಿತ್ತೇನು?”

“ಇಲ್ಲ ಆಯಿ. ಅರ್ಧಾ ಹೇಳಿ ಓಡಿದ್ದು ನಂದಽ ತಪ್ಪು.”

“ಪೂರ್ತಿ ಹೇಳಿದ್ರೂ ನಾ ಕೇಳತಿದ್ದಿಲ್ಲ ಬಿಡ,” ಎಂದು ಆಯಿ ಜೋರಾಗಿ ನಕ್ಕಳು. ನಾನೂ ನಕ್ಕೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ಆಳದ ಬೋರಿನ ನೀರು ಕುಡಿಯುತ್ತಿದ್ದರೆ ಪಂಚಾಯತಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ನಮ್ಮ ನೀರಿನ ಯುರೇನಿಯಂ ಪರೀಕ್ಷೆ ಆಗಿದೆಯೇ? ಆಗಿಲ್ಲದಿದ್ದರೆ ಮಾಡಿಸಿ ಎಂದು ಬರೆದು ಕೊಡಿ. ನೀರು ತಿಳಿಯಾಗಿದೆ, ರುಚಿಯಾಗಿದೆ ಎಂದು ಸುಮ್ಮನಿರಬೇಡಿ; ಕಣ್ಣಿಗೆ, ನಾಲಿಗೆಗೆ ಇದು ತಿಳಿಯುವುದಿಲ್ಲ. ಮಿತಿಗಿಂತ ಹೆಚ್ಚಿದ್ದರೆ ಕುದಿಸಿ ಕುಡಿಯಬೇಡಿ, ನದಿ ನೀರನ್ನೋ ಶುದ್ಧ ನೀರಿನ ಘಟಕದ ನೀರನ್ನೋ ಬಳಸಿ. ಘಟಕದಿಂದ ಹೊರಹೋಗುವ ಕೊಳಕು ನೀರಿನಲ್ಲಿ ಯುರೇನಿಯಂ ಇನ್ನೂ ದಟ್ಟವಾಗಿರುತ್ತದೆ, ಅದನ್ನು ಕುಡಿಯಲು ಹಿಡಿಯಬೇಡಿ. ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ವರ್ಷಗಟ್ಟಲೆ ಅಂಥ ನೀರು ಕುಡಿದಿದ್ದರೆ ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ ಕಿಡ್ನಿ ಪರೀಕ್ಷೆ ಮಾಡಿಸಿ. ಹೆದರಿ ಊರು ಬಿಡುವ ಕಾರಣವಿಲ್ಲ. ತಿಳಿದು ನೀರು ಬದಲಿಸಿದರೆ ಸಾಕು.

ನಿಮ್ಮ ಬೋರಿನ ನೀರನ್ನೇ ನಿಮ್ಮ ಬಾಜೂ ಮನೆಯವರೂ ಕುಡಿಯುತ್ತಾರೆ. ಇವತ್ತೇ ಅವರ ಬಾಗಿಲಿಗೆ ಹೋಗಿ ಈ ಮಾತು ಹೇಳಿ. ಅರ್ಧ ಹೇಳಿ ಬರಬೇಡಿ, ಕೂತು ಪೂರ್ತಿ ಹೇಳಿ.